ಗಾಜನ್ನು ತಿಂದು ಹುಟ್ಟುವ ಅನಿಲ: ಸಿಲಿಕಾನ್ ಟೆಟ್ರಾಫ್ಲೋರೈಡ್

ಲ್ಯಾಬ್‌ನಲ್ಲಿ ಸಲ್ಫ್ಯೂರಿಕ್, ನೈಟ್ರಿಕ್ ಆಮ್ಲಗಳು ಗಾಜಿನ ಬಾಟಲಿಯಲ್ಲಿ ಆರಾಮಾಗಿ ಇರುತ್ತವೆ. ಹೈಡ್ರೋಫ್ಲೋರಿಕ್ ಆಮ್ಲ ಮಾತ್ರ ಪ್ಲಾಸ್ಟಿಕ್ ಬಾಟಲಿಯಲ್ಲೇ ಇರಬೇಕು. ನೀರಿನಲ್ಲಿ ಇದು ದುರ್ಬಲ ಆಮ್ಲ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಹಾಗಿದ್ರೆ ಗಾಜನ್ನು ಹೇಗೆ ತಿನ್ನುತ್ತೆ?

ಕೆಲಸ ಮಾಡುವುದು ಆಮ್ಲದ ಬಲವಲ್ಲ, ಫ್ಲೋರಿನ್. ಗಾಜಿನ ಮುಖ್ಯ ಭಾಗ ಸಿಲಿಕಾ; ಅದರಲ್ಲಿರುವ ಸಿಲಿಕಾನ್ ಒಂದು ಲೋಹಾಭ. ಒಂದು ಪಾಲು ಸಿಲಿಕಾ ಮತ್ತು ನಾಲ್ಕು ಪಾಲು ಹೈಡ್ರೋಜನ್ ಫ್ಲೋರೈಡ್ ಸೇರಿದರೆ ಒಂದು ಪಾಲು ಸಿಲಿಕಾನ್ ಟೆಟ್ರಾಫ್ಲೋರೈಡ್, ಎರಡು ಪಾಲು ನೀರು ಸಿಗುತ್ತವೆ. ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಬೇಕು. ಈ ಫ್ಲೋರೈಡ್ ಆದರೋ ಕೋಣೆಯ ಉಷ್ಣತೆಯಲ್ಲಿ ಬಣ್ಣವಿಲ್ಲದ ಅನಿಲ, ಗಾಳಿಗಿಂತ ಮೂರೂವರೆ ಪಟ್ಟು ಭಾರ. 1771ರಲ್ಲಿ ಷೀಲೆ ಗಾಜಿನ ಪಾತ್ರೆಯಲ್ಲಿ ಫ್ಲೋರ್‌ಸ್ಪಾರ್ ಮತ್ತು ಸಲ್ಫ್ಯೂರಿಕ್ ಆಮ್ಲ ಕಾಯಿಸಿದಾಗ ಗಾಜು ಸವೆಯಿತು. ಹೊರಬಂದ ಅನಿಲ ನೀರಿಗೆ ತಾಗಿದಲ್ಲಿ ಬಿಳಿ ಪದರ ಕಟ್ಟಿತು. ಆ ಪದರವೇ ಸಿಲಿಕಾ.

ನಾವು ಎಡವುವುದು ಇಲ್ಲೇ. ಸಿಲಿಕಾನ್-ಫ್ಲೋರಿನ್ ಬಂಧದ ಶಕ್ತಿ ಮೋಲ್‌ಗೆ ಸುಮಾರು 565 ಕಿಲೋಜೂಲ್; ಕಾರ್ಬನ್-ಫ್ಲೋರಿನ್ ಬಂಧದ್ದು ಸುಮಾರು 485. ಬಂಧ ಗಟ್ಟಿಯಾದರೆ ವಸ್ತು ಸುಮ್ಮನಿರುತ್ತೆ ಅಂದುಕೊಂಡರೆ ತಪ್ಪು. ಕಾರ್ಬನ್ ಟೆಟ್ರಾಫ್ಲೋರೈಡ್ ನೀರಿಗೆ ಜಗ್ಗುವುದಿಲ್ಲ, ಸಿಲಿಕಾನಿನದು ತಕ್ಷಣ ಒಡೆಯುತ್ತೆ. ಕಾರ್ಬನ್ ಪುಟ್ಟ ಪರಮಾಣು, ನಾಲ್ಕು ಫ್ಲೋರಿನ್‌ಗೇ ಜಾಗ ಭರ್ತಿ. ಸಿಲಿಕಾನ್ ದೊಡ್ಡದು, ಅದರ ಮೇಲಿನ ಧನ ಆವೇಶವೂ ಹೆಚ್ಚು. ನೀರಿನ ಆಕ್ಸಿಜನ್ ಬಂದು ಕೂರಲು ಅಲ್ಲಿ ಜಾಗವಿದೆ. ಮೂರು ಪಾಲು ಅನಿಲ, ಎರಡು ಪಾಲು ನೀರು ಸೇರಿ ಒಂದು ಪಾಲು ಸಿಲಿಕಾ, ಎರಡು ಪಾಲು ಫ್ಲೋರೋಸಿಲಿಸಿಕ್ ಆಮ್ಲ ಆಗುತ್ತವೆ. ಆ ಆಮ್ಲದಲ್ಲಿ ಒಂದು ಸಿಲಿಕಾನ್ ಸುತ್ತ ಆರು ಫ್ಲೋರಿನ್!

ಚಿಪ್ ತಯಾರಿಕೆಯಲ್ಲಿ ಇದೇ ಗುಣ ಉಪಯೋಗಕ್ಕೆ ಬರುತ್ತೆ. ಸುಮ್ಮನಿದ್ದ ಕಾರ್ಬನ್ ಟೆಟ್ರಾಫ್ಲೋರೈಡನ್ನು ಪ್ಲಾಸ್ಮಾ ಮಾಡಿದರೆ ಬಿಡಿ ಫ್ಲೋರಿನ್ ಪರಮಾಣುಗಳು ಸಿಗುತ್ತವೆ. ಅವು ಸಿಲಿಕಾನನ್ನು ಕೊರೆಯುತ್ತವೆ. ಕೊರೆದ ಪುಡಿ ಉಳಿಯೋದಿಲ್ಲ, ಟೆಟ್ರಾಫ್ಲೋರೈಡ್ ಆಗಿ ಪಂಪಿನಲ್ಲಿ ಹೊರಹೋಗುತ್ತೆ.

ಆದರೆ ನೀರು ಇರುವುದು ಬೀಕರಿನಲ್ಲಿ ಮಾತ್ರವಲ್ಲ, ನಮ್ಮ ಕಣ್ಣು, ಶ್ವಾಸಕೋಶದಲ್ಲೂ ಇದೆ. ತೇವದ ಗಾಳಿಗೆ ಈ ಅನಿಲ ಸೋರಿದರೆ ಬಿಳಿ ಹೊಗೆ ಏಳುತ್ತೆ, ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಕೂಡ ಹುಟ್ಟಬಹುದು. ಹೊಗೆ ಕಂಡರೆ ಏನದು ಅಂತ ಬಗ್ಗಿ ನೋಡಬೇಡಿ. ಮೊದಲು ಹೊರಗೆ ನಡೆಯಿರಿ, ಸಮೀಕರಣ ಆಮೇಲೆ ಬರೆದರಾಯ್ತು.