ರೂಟರ್ ಜೋಡಣೆಯಲ್ಲಿ ಸಂಪರ್ಕ ಪ್ರೋಟೋಕಾಲ್‌ನ ಆಯ್ಕೆ

ಗ್ರಾಮ ಪಂಚಾಯಿತಿ ಕಚೇರಿಯ ಅಂತರ್ಜಾಲ ಸಂಪರ್ಕ ಕಡಿತಗೊಂಡಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11ನ್ನು ವಿತರಿಸುವ ಕಾರ್ಯವು ಸ್ಥಗಿತಗೊಳ್ಳುತ್ತದೆ. ಒಂದು ದಿನದ ಕೂಲಿ ಬಿಟ್ಟು ಬಂದ ಅರ್ಜಿದಾರರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಇಂತಹ ಎಲ್ಲ ಸಂದರ್ಭಗಳಲ್ಲಿಯೂ ದೂರವಾಣಿ ತಂತಿಯೇ ಕೆಟ್ಟಿರುವುದಿಲ್ಲ. ಡಿಎಸ್‌ಎಲ್ ರೂಟರಿನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ ಅದರಲ್ಲಿ ದಾಖಲಾಗಿದ್ದ ವಿವರಗಳು ಅಳಿಸಿಹೋಗುತ್ತವೆ. ತಂತಿ ಸರಿಯಿದ್ದರೂ ಸಂಪರ್ಕ ದೊರೆಯುವುದಿಲ್ಲ. ಮರುಜೋಡಣೆಯ ಸಮಯದಲ್ಲಿ ಮೊದಲು ಎದುರಾಗುವ ಪ್ರಶ್ನೆ ಪ್ರೋಟೋಕಾಲ್‌ನ ಆಯ್ಕೆ.

ಪ್ರೋಟೋಕಾಲ್ ಎಂದರೆ ಎರಡು ಯಂತ್ರಗಳು ಪರಸ್ಪರ ಮಾಹಿತಿ ವಿನಿಮಯಕ್ಕೆ ಅನುಸರಿಸುವ ನಿಯಮ. ಕಚೇರಿಯ ರೂಟರ್ ಮತ್ತು ಸೇವಾ ಸಂಸ್ಥೆಯ ಉಪಕರಣ ಒಂದೇ ನಿಯಮವನ್ನು ಪಾಲಿಸಿದರೆ ಮಾತ್ರ ಸಂಪರ್ಕ ಏರ್ಪಡುತ್ತದೆ. ಮುಖ್ಯ ವಿಧಾನಗಳು ಇಂತಿವೆ:

1. ಪಿಪಿಪಿಒಇ: ರೂಟರ್ ತನ್ನಲ್ಲಿರುವ ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ಸಲ್ಲಿಸಿ ಸಂಪರ್ಕ ಪಡೆಯುತ್ತದೆ. ಬಿಎಸ್‌ಎನ್‌ಎಲ್ ಡಿಎಸ್‌ಎಲ್ ಸಂಪರ್ಕಗಳಲ್ಲಿ ರೂಢಿಯಲ್ಲಿರುವುದು ಇದೇ. ಇದರೊಂದಿಗೆ ತಂತಿಯೊಳಗಿನ ಮಾರ್ಗವನ್ನು ಸೂಚಿಸುವ ವಿಪಿಐ 0, ವಿಸಿಐ 35 ಎಂಬ ಸಂಖ್ಯೆಗಳನ್ನೂ ನಮೂದಿಸಬೇಕು. ಎಂಟಿಯು ಮೌಲ್ಯ 1492 ಇರಬೇಕು. ಇದನ್ನು 1500 ಎಂದು ಬಿಟ್ಟರೆ ಕೆಲವು ಜಾಲತಾಣಗಳು ತೆರೆದು, ಕೆಲವು ಅರ್ಧಕ್ಕೇ ನಿಲ್ಲುವ ಸಾಧ್ಯತೆಯಿದೆ.

2. ಪಿಪಿಪಿಒಎ: ಇದಕ್ಕೂ ಹೆಸರು, ಗುಪ್ತಪದ ಬೇಕು, ಮಾಹಿತಿಯನ್ನು ಸಾಗಿಸುವ ಕ್ರಮ ಬೇರೆ. ಬ್ರಿಟನ್ನಿನ ಡಿಎಸ್‌ಎಲ್ ಸಂಪರ್ಕಗಳಲ್ಲಿ ವಿಪಿಐ 0, ವಿಸಿಐ 38ರೊಂದಿಗೆ ಬಳಕೆಯಲ್ಲಿತ್ತು. ಆ ವಿವರಗಳನ್ನು ಹೊಂದಿರುವ ರೂಟರ್ ಇಲ್ಲಿ ಹಾಗೆಯೇ ಕೆಲಸ ಮಾಡದು.

3. ಡಿಎಚ್‌ಸಿಪಿ: ಹೆಸರು, ಗುಪ್ತಪದಗಳಿಲ್ಲದೆ ಸೇವಾ ಸಂಸ್ಥೆಯೇ ವಿಳಾಸ ನೀಡುವ ವಿಧಾನ. ಪಿಪಿಪಿಒಇ ಬೇಡುವ ಸಂಪರ್ಕದಲ್ಲಿ ಇದನ್ನು ಆರಿಸಿದರೆ ವಿಳಾಸ ದೊರೆಯುವುದಿಲ್ಲ.

4. ಬ್ರಿಡ್ಜ್: ರೂಟರ್ ಕೇವಲ ದಾರಿಯಾಗಿರುತ್ತದೆ, ಗುಪ್ತಪದವನ್ನು ಗಣಕಯಂತ್ರದಲ್ಲಿ ನೀಡಬೇಕು. ಆ ಯಂತ್ರ ಆರಿಸಿದರೆ ಸಂಪರ್ಕವೂ ನಿಲ್ಲುತ್ತದೆ. ಹಲವು ಗಣಕಯಂತ್ರಗಳಿರುವ ಕಚೇರಿಗೆ ಇದು ಸೂಕ್ತವಲ್ಲ.

ಆದ್ದರಿಂದ ಪ್ರೋಟೋಕಾಲ್ ಕಚೇರಿಯ ಇಚ್ಛೆಗೆ ಬಿಟ್ಟ ವಿಷಯವಲ್ಲ. ಸೇವಾ ಸಂಸ್ಥೆ ತಿಳಿಸಿದ್ದನ್ನೇ ಆರಿಸತಕ್ಕದ್ದು. ಊಹೆಯಿಂದ ಒಂದೊಂದಾಗಿ ಬದಲಿಸುತ್ತ ಹೋದರೆ ಸರಿಯಿದ್ದ ವಿವರಗಳೂ ಕೆಡುತ್ತವೆ.

ದೋಷವನ್ನು ಗುರುತಿಸಲು ರೂಟರಿನ ದೀಪಗಳೇ ಸಾಕು. ಡಿಎಸ್‌ಎಲ್ ದೀಪ ಮಿನುಗುತ್ತಲೇ ಇದ್ದರೆ ತಂತಿಯ ಬಗ್ಗೆ ದೂರು ದಾಖಲಿಸಬೇಕು. ಅದು ಸ್ಥಿರವಾಗಿದ್ದು ಇಂಟರ್‌ನೆಟ್ ದೀಪ ಆರಿದ್ದರೆ ಅಥವಾ ಕೆಂಪಾಗಿದ್ದರೆ ಪ್ರೋಟೋಕಾಲ್, ಗುಪ್ತಪದ ಹಾಗೂ ಬಿಲ್ ಪಾವತಿಯನ್ನು ಪರಿಶೀಲಿಸಬೇಕು.

ಆಪ್ಟಿಕಲ್ ಫೈಬರ್ ಸಂಪರ್ಕ ಬಂದಿರುವ ಕಚೇರಿಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಅಲ್ಲಿಯೂ ಪಿಪಿಪಿಒಇ ಬಳಕೆಯಲ್ಲಿದೆ. ಆದರೆ ವಿಪಿಐ, ವಿಸಿಐ ಇರುವುದಿಲ್ಲ, ಅನೇಕ ಕಡೆ ವಿಎಲ್‌ಎಎನ್ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ.

ಈ ವಿವರಗಳು ಕೇವಲ ಒಬ್ಬ ಸಿಬ್ಬಂದಿಯ ನೆನಪಿನಲ್ಲಿದ್ದರೆ, ಅವರು ರಜೆಯಲ್ಲಿರುವ ದಿನ ಕಚೇರಿ ನಿಂತಂತೆಯೇ. ಪ್ರೋಟೋಕಾಲ್, ಸಂಖ್ಯೆಗಳು ಮತ್ತು ದೂರು ಸಲ್ಲಿಸುವ ವಿಧಾನವನ್ನು ವಹಿಯೊಂದರಲ್ಲಿ ಬರೆದಿಡಬೇಕು. ಗುಪ್ತಪದವನ್ನು ಗೋಡೆಗೆ ಅಂಟಿಸದೆ, ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯ ಬೀರುವಿನಲ್ಲಿ ಇರಿಸಬೇಕು. ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಈ ವಹಿಯ ಬಗ್ಗೆ ವಿಚಾರಿಸುವುದು ಸೂಕ್ತ.