ಮಗುವಿನ ಕಣ್ಣಿನಲ್ಲಿ ಬಿಳಿ ಹೊಳಪು: ಸಂಶೋಧಕರ ಕೆಲಸದಿಂದ ನಾವು ಕಲಿಯುವುದೇನು?



ಮಗುವಿಗೆ ಕ್ಯಾನ್ಸರ್ ಅಂತ ಗೊತ್ತಾದ ಮನೆಯಲ್ಲಿ ಬೇಗನೆ ಏಳುವ ಪ್ರಶ್ನೆ, "ಇದು ಯಾರ ತಪ್ಪು?" ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ತಿನ್ನಬಾರದ್ದು ತಿಂದಳು ಅಂತ ಬೆರಳು ತಾಯಿಯ ಕಡೆಗೇ ತಿರುಗುತ್ತದೆ. ಈ ರೋಗ ನಿಜವಾಗಿ ಯಾಕೆ ಬರುತ್ತದೆ ಅಂತ ಹುಡುಕುವುದನ್ನೇ ಕೆಲಸ ಮಾಡಿಕೊಂಡವರಿದ್ದಾರೆ. ಅವರ ಬಗ್ಗೆ ಈ ಪಾಠದಲ್ಲಿ ತಿಳಿಯೋಣ.

ಈ ಕೆಲಸ ಎಂಥದು?

ಡಿಗ್ರಿ ಮುಗಿಸಿ, ಮೇಲಿನ ಓದು ಓದಿ, ಡಾಕ್ಟರೇಟ್ ಪಡೆದ ಮೇಲೂ ವಿಜ್ಞಾನಿಗಳು ಸ್ವಂತ ಪ್ರಯೋಗಾಲಯ ನಡೆಸುವ ಮೊದಲು ಕೆಲವು ವರ್ಷ ಹಿರಿಯರೊಬ್ಬರ ಕೈಕೆಳಗೆ ದುಡಿಯುತ್ತಾರೆ. ಇವರನ್ನು ಪೋಸ್ಟ್‌ಡಾಕ್ಟರಲ್ ಸಂಶೋಧಕರು ಅಂತಾರೆ. ಕೆಲಸ ಸಾಮಾನ್ಯವಾಗಿ ಕಾಯಂ ಅಲ್ಲ. ಮಕ್ಕಳ ಕ್ಯಾನ್ಸರ್ ವಿಷಯದಲ್ಲಿ ಕೆಲಸ ಮಾಡುವವರು, ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ತಂದೆತಾಯಿಯ ಒಪ್ಪಿಗೆ ಪಡೆದು ಪರೀಕ್ಷಿಸುತ್ತಾರೆ. ಒಳ್ಳೆಯ ಜೀವಕೋಶಕ್ಕೂ ಕೆಟ್ಟ ಜೀವಕೋಶಕ್ಕೂ ವ್ಯತ್ಯಾಸ ಏನು ಅಂತ ಹುಡುಕುತ್ತಾರೆ. ಎಷ್ಟೋ ಪ್ರಯೋಗ ಕೆಟ್ಟುಹೋಗುತ್ತದೆ, ಮತ್ತೆ ಮೊದಲಿಂದ ಮಾಡಬೇಕು. ತಾಳ್ಮೆಯೇ ಇಲ್ಲಿ ಬಂಡವಾಳ.

ಒಂದು ನಿಜವಾದ ಉದಾಹರಣೆ

ರೆಟಿನೋಬ್ಲಾಸ್ಟೋಮಾ ಎಂಬುದು ಪುಟ್ಟ ಮಕ್ಕಳ ಕಣ್ಣಿಗೆ ಬರುವ ಕ್ಯಾನ್ಸರ್. ಸುಮಾರು 15ರಿಂದ 20 ಸಾವಿರ ಮಕ್ಕಳು ಹುಟ್ಟಿದರೆ ಒಂದು ಮಗುವಿಗೆ ಬರುತ್ತದೆ; ಹೆಚ್ಚಾಗಿ 5 ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ.

1971ರಲ್ಲಿ ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ ಅವರು 48 ರೋಗಿಗಳ ದಾಖಲೆ ನೋಡಿ ಒಂದು ವಿಚಾರ ಮುಂದಿಟ್ಟರು. ಸೈಕಲ್ಲಿಗೆ ಎರಡು ಬ್ರೇಕ್ ಇರುವ ಹಾಗೆ, ಜೀವಕೋಶ ಮಿತಿಮೀರಿ ಬೆಳೆಯದಂತೆ ತಡೆಯಲೂ ಎರಡು ಬ್ರೇಕ್ ಇವೆ: ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ಒಂದೇ ಕೋಶದಲ್ಲಿ ಎರಡೂ ಕೆಟ್ಟರೆ ಗಡ್ಡೆ ಬೆಳೆಯುತ್ತದೆ. ಕೆಲವು ಮಕ್ಕಳು ಒಂದು ಬ್ರೇಕ್ ಕೆಟ್ಟೇ ಹುಟ್ಟುತ್ತಾರೆ, ಅವರಿಗೆ ಅಪಾಯ ಹೆಚ್ಚು.

ಆದರೆ ಆ ಬ್ರೇಕ್ ಎಲ್ಲಿದೆ? 1986ರಲ್ಲಿ ಅದನ್ನು ಹಿಡಿದವರಲ್ಲಿ ಒಬ್ಬರು ಪೋಸ್ಟ್‌ಡಾಕ್ಟರಲ್ ಸಂಶೋಧಕರೇ. ಮಕ್ಕಳ ವೈದ್ಯಕೀಯ ಕಲಿತಿದ್ದ ಸ್ಟೀಫನ್ ಫ್ರೆಂಡ್ ಅವರು ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿದ್ದರು. ಕಣ್ಣಿನ ವೈದ್ಯ ಥ್ಯಾಡಿಯಸ್ ಡ್ರೈಜಾ ಅವರ ಜೊತೆ ಸೇರಿ, ಆರ್‌ಬಿ ಎಂಬ ಜೀನ್ ಅಂದರೆ ವಂಶವಾಹಿಯನ್ನು ಕಂಡುಹಿಡಿದರು. ಒಳ್ಳೆಯ ಕಣ್ಣಿನ ಕೋಶದಲ್ಲಿ ಅದು ಕೆಲಸ ಮಾಡುತ್ತಿತ್ತು, ಗಡ್ಡೆಯಲ್ಲಿ ಮಾಡುತ್ತಿರಲಿಲ್ಲ. ಒಬ್ಬರ ಹತ್ತಿರ ರೋಗಿಗಳ ಮಾದರಿ, ಇನ್ನೊಬ್ಬರ ಹತ್ತಿರ ಪ್ರಯೋಗದ ಕೌಶಲ. ಕೂಡಿ ದುಡಿದದ್ದರಿಂದ ಫಲ ಸಿಕ್ಕಿತು. ಸಂಘದ ಹೆಂಗಸರಾದ ನಮಗೆ ಇದು ಹೊಸ ಮಾತೇನಲ್ಲ.

ನಮಗೆ ಇದರಿಂದ ಏನು?

ಮೊದಲನೆಯದು, ಇದು ತಾಯಿಯ ತಪ್ಪಲ್ಲ. ಸುಮಾರು 100ರಲ್ಲಿ 40 ಮಕ್ಕಳಲ್ಲಿ ಮಾತ್ರ ಕೆಟ್ಟ ಜೀನ್ ಹುಟ್ಟಿನಿಂದ ಇರುತ್ತದೆ. ಅದೂ ತಂದೆಯಿಂದ ಬರಬಹುದು, ತಾಯಿಯಿಂದ ಬರಬಹುದು, ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಆಗಬಹುದು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯದು, ಒಂದು ಮಗುವಿಗೆ ಬಂದಿದ್ದರೆ ಅದರ ಅಣ್ಣ, ತಮ್ಮ, ಅಕ್ಕ, ತಂಗಿಯರ ಕಣ್ಣನ್ನೂ ಪರೀಕ್ಷೆ ಮಾಡಿಸಬೇಕು. ಜೀನ್ ಪರೀಕ್ಷೆ ಮಾಡಿದರೆ ಯಾರಿಗೆ ಅಪಾಯವಿದೆ ಅಂತ ಮೊದಲೇ ಹೇಳಬಹುದು.

ನಾವು ಏನು ಮಾಡಬೇಕು?

• ಫ್ಲ್ಯಾಷ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಬಿಳಿಯಾಗಿ ಹೊಳೆದರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೇರೆ ಕಾರಣವೂ ಇರಬಹುದು, ಆದರೆ ಅದನ್ನು ಡಾಕ್ಟರೇ ಹೇಳಲಿ.
• ಮೆಳ್ಳೆಗಣ್ಣು ಅದೃಷ್ಟ ಅಂತ ಸುಮ್ಮನಿರಬೇಡಿ.
• ಕಣ್ಣಿಗೆ ಎದೆಹಾಲು, ಸೊಪ್ಪಿನ ರಸ ಹಾಕಬೇಡಿ.
• ಹೆಣ್ಣುಮಗು ತಾನೇ ಅಂತ ಮುಂದೂಡಬೇಡಿ.
• ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗವಿದೆ. ಹೋಗುವಾಗ ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಜೊತೆಗಿರಲಿ.

ಬೇಗ ಗೊತ್ತಾದರೆ ಹೆಚ್ಚಿನ ಮಕ್ಕಳ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ತಡವಾದರೆ ರೋಗ ಕಣ್ಣು ದಾಟಿ ಮಿದುಳಿಗೆ ಹೋಗಬಹುದು.

ಸಭೆಯಲ್ಲಿ ಚರ್ಚಿಸೋಣ

1. ಮಗುವಿಗೆ ಕಾಯಿಲೆ ಬಂದಾಗ ನಮ್ಮ ಊರಲ್ಲಿ ಯಾರನ್ನು ದೂರುತ್ತಾರೆ? ಆಗ ನಾವು ಏನು ಹೇಳಬಹುದು?
2. ಬಸ್ ಚಾರ್ಜಿಗೆ ಹಣವಿಲ್ಲದೆ ಆಸ್ಪತ್ರೆಗೆ ಹೋಗದಿರುವ ತಾಯಿಗೆ ಸಂಘದಿಂದ ತುರ್ತು ಸಾಲ ಕೊಡಬಹುದೇ?
3. ನಮ್ಮ ಓಣಿಯ 5 ವರ್ಷದೊಳಗಿನ ಮಕ್ಕಳ ಕಣ್ಣನ್ನು ಈ ತಿಂಗಳು ಯಾರು ಯಾರು ಗಮನಿಸುತ್ತೀರಿ? ಹೆಸರುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.