ನುಂಗಿದ ಗುಳಿಗೆ ಎಲ್ಲಿ ನಿಲ್ಲುತ್ತದೆ? – ಪಿಎಚ್ ಪಾಠದ ಒಂದು ಅನುಭವ

ತರಗತಿ: 10
ವಿಷಯ: ವಿಜ್ಞಾನ
ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು
ಉಪಘಟಕ: ದೈನಂದಿನ ಜೀವನದಲ್ಲಿ ಪಿಎಚ್‌ನ ಮಹತ್ವ
ಅವಧಿ: 40 ನಿಮಿಷಗಳ ಎರಡು ಪಾಠಗಳು

ಪೀಠಿಕೆ

“ಹಬ್ಬದ ಊಟವಾದ ರಾತ್ರಿ ಹುಳಿತೇಗು ಬಂದು ಎದೆ ಉರಿದದ್ದುಂಟೇ?” ಎಂದು ಕೇಳಿ ಪಾಠ ಆರಂಭಿಸಿದೆ. ಹಲವು ಕೈಗಳು ಮೇಲೆದ್ದವು. ಅನ್ನನಾಳದ ತುದಿಯ ಸ್ನಾಯು ಸಡಿಲವಾದಾಗ ಜಠರದ ಹೈಡ್ರೋಕ್ಲೋರಿಕ್ ಆಮ್ಲ ಮೇಲೇರುವುದನ್ನು ಕಪ್ಪುಹಲಗೆಯಲ್ಲಿ ಚಿತ್ರ ಬರೆದು ತೋರಿಸಿದೆ. “ಇದನ್ನು ಪತ್ತೆಹಚ್ಚಲು ತಂತಿಯಿಲ್ಲದ ಸಂವೇದಕವಿದೆ. ಮಾತ್ರೆಯಂತೆ ನುಂಗಿದರೆ ಸಾಕು” ಎಂದೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. “ಮಿಸ್, ನುಂಗಿದ್ರೆ ಅದು ಹೊಟ್ಟೆಗೇ ಹೋಗುತ್ತಲ್ವಾ? ಅಲ್ಲಿ ಆಮ್ಲ ಇದ್ದೇ ಇರುತ್ತೆ. ಮೇಲಕ್ಕೆ ಬಂತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?”

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುವುದಾಗಿ ಒಪ್ಪಿಕೊಂಡೆ. ಮೇಲ್ವಿಚಾರಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ “ವಿಷಯದ ಸಿದ್ಧತೆ ಸಾಲದು” ಎಂದು ಬರೆದರು.

ವಿಷಯ ಮಂಡನೆ

ಮರುದಿನ, ನಾನು ಹೇಳಿದ್ದು ತಪ್ಪೆಂದು ತಿಳಿಸಿಯೇ ಪಾಠ ಮುಂದುವರಿಸಿದೆ. ನುಂಗುವ ರೇಡಿಯೋ ಗುಳಿಗೆಗಳು ಇರುವುದು ನಿಜ. ಸ್ಟುವರ್ಟ್ ಮಕೇ ಮತ್ತು ಬರ್ಟಿಲ್ ಜೇಕಬ್ಸನ್ 1957ರಲ್ಲೇ ಅಂಥದ್ದನ್ನು ವಿವರಿಸಿದ್ದರು. ಆದರೆ ನುಂಗಿದ ಗುಳಿಗೆ ಅನ್ನನಾಳದಲ್ಲಿ ನಿಲ್ಲದೆ ಮುಂದೆ ಸಾಗುತ್ತದೆ.

ಆದ್ದರಿಂದ ಬ್ರಾವೊ ಎಂಬ ಕ್ಯಾಪ್ಸೂಲನ್ನು ವೈದ್ಯರೇ ಬಾಯಿಯ ಮೂಲಕ ಇಳಿಸಿ, ಅನ್ನನಾಳವು ಜಠರ ಸೇರುವೆಡೆಯಿಂದ ಸುಮಾರು 6 ಸೆಂ.ಮೀ. ಮೇಲೆ ಗೋಡೆಗೆ ಸಣ್ಣ ಪಿನ್ನಿನಿಂದ ಕಚ್ಚಿಸುತ್ತಾರೆ. ಅದು ಪಿಎಚ್ ಅಳೆದು, ರೋಗಿಯ ಸೊಂಟದಲ್ಲಿರುವ ರೆಕಾರ್ಡರಿಗೆ ರೇಡಿಯೋ ಸಂಕೇತ ಕಳಿಸುತ್ತದೆ. ಪರೀಕ್ಷೆ 48ರಿಂದ 96 ಗಂಟೆ ನಡೆಯುತ್ತದೆ. ರೋಗಿ ಎಂದಿನಂತೆ ಉಂಡು ಮಲಗಬಹುದು. ಎದೆ ಉರಿದಾಗ ರೆಕಾರ್ಡರಿನ ಗುಂಡಿ ಒತ್ತಬೇಕು. ಮುಂದೆ ಕ್ಯಾಪ್ಸೂಲ್ ತಾನೇ ಕಳಚಿ ಮಲದೊಂದಿಗೆ ಹೊರಹೋಗುತ್ತದೆ.

ಚಟುವಟಿಕೆ

ನಾನೇ ಕಲ್ಪಿಸಿದ 20 ಪಿಎಚ್ ಅಳತೆಗಳ ಪಟ್ಟಿಯನ್ನು ಗುಂಪುಗಳಿಗೆ ಕೊಟ್ಟೆ. ಪಿಎಚ್ 4ಕ್ಕಿಂತ ಇಳಿದರೆ ಆಮ್ಲ ಮೇಲೇರಿದೆ ಎಂದು ಲೆಕ್ಕ. ಮೊದಲ ಅಳತೆ 3.5 ಇದ್ದದ್ದನ್ನು ಕಂಡ ಒಂದು ಗುಂಪು “ಕಾಯಿಲೆ ಇದೆ” ಎಂದು ಕೂಗಿತು. ಆರೋಗ್ಯವಂತರಲ್ಲೂ ಊಟದ ನಂತರ ಹೀಗಾಗುವುದುಂಟು, ಒಂದೇ ಅಳತೆಯಿಂದ ತೀರ್ಮಾನಿಸಲಾಗದು ಎಂದು ವಿವರಿಸಿದೆ. ಒಟ್ಟು ಅವಧಿಯಲ್ಲಿ ಶೇ. 6ಕ್ಕಿಂತ ಹೆಚ್ಚು ಕಾಲ ಪಿಎಚ್ 4ಕ್ಕಿಂತ ಕೆಳಗಿದ್ದರೆ ಅಸಹಜ, ಶೇ. 4ಕ್ಕಿಂತ ಕಡಿಮೆಯಾದರೆ ಸಹಜ. “48 ಗಂಟೆಯಲ್ಲಿ ಶೇ. 6 ಎಷ್ಟು?” ಎಂದಾಗ ಅದೇ ಹುಡುಗಿ ಮೊದಲು ಉತ್ತರಿಸಿದಳು: “2880 ನಿಮಿಷದಲ್ಲಿ ಸುಮಾರು 173 ನಿಮಿಷ.”

ಸ್ವಾವಲೋಕನ

ಗಂಟೆ ಹೊಡೆದ ಮೇಲೆ ಅವಳು ಮೇಜಿನ ಬಳಿ ಬಂದಳು. “ನಮ್ಮಪ್ಪ ದಿನಾ ರಾತ್ರಿ ಎದೆ ಉರಿ ಅಂತ ಸೋಡಾ ಕುಡೀತಾರೆ ಮಿಸ್. ಅವರಿಗೆ ಈ ಪರೀಕ್ಷೆ ಬೇಕಾ?”

ಅದನ್ನು ನಿರ್ಧರಿಸಬೇಕಾದವರು ವೈದ್ಯರು, ಎದೆಯುರಿ ಇರುವ ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ, ಎದೆನೋವು ಹೃದಯದ ತೊಂದರೆಯೂ ಆಗಿರಬಹುದಾದ್ದರಿಂದ ತಡಮಾಡದೆ ತೋರಿಸಿ ಎಂದೆ. ಮೊದಲ ದಿನದ ಪ್ರಶ್ನೆ ಎಲ್ಲಿಂದ ಬಂದಿತ್ತೆಂದು ಆಗ ತಿಳಿಯಿತು. “ನುಂಗಿದರೆ ಸಾಕು” ಎಂಬ ನನ್ನ ಮಾತನ್ನು ಅವಳು ಮನೆಗೆ ಒಯ್ದಿದ್ದರೆ?

ಈಗ ನನ್ನ ಪಾಠಯೋಜನೆಯಲ್ಲಿ ಒಂದು ಅಂಕಣ ಹೆಚ್ಚಾಗಿದೆ: ಮಕ್ಕಳು ಕೇಳಬಹುದಾದ ಪ್ರಶ್ನೆಗಳು.